ಹಡಗಿನಲ್ಲಿ ಕಲಿಸುವ ಹೊಣೆ ಯಾರದು?

ಕೊಲ್ಕತ್ತದ ಖಿದಿರ್‌ಪುರದ ಡಾಕಿಗೆ ಬರುವ ಹಡಗು ಎರಡು ಕಡೆ ಕಾಯಬೇಕು. ಮೊದಲು ಬಂಗಾಳ ಕೊಲ್ಲಿಯ ಅಂಚಿನಲ್ಲಿ, ಉಬ್ಬರಕ್ಕಾಗಿ. ಆಮೇಲೆ ಪೈಲಟ್ ಹತ್ತಿ, ಮರಳುದಿಬ್ಬಗಳನ್ನು ತಪ್ಪಿಸಿಕೊಂಡು ಹೂಗ್ಲಿ ನದಿಯಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಮೇಲೇರಿ ಬಂದು, ಲಾಕ್ ಗೇಟಿನ ಮುಂದೆ ಇನ್ನೊಮ್ಮೆ. ಗೇಟಿನೊಳಗೆ ನೀರಿನ ಮಟ್ಟ ಸಮವಾಗಿ, ಹಡಗು ಮೆಲ್ಲಗೆ ಒಳಗೆ ಸರಿಯುವ ಹೊತ್ತಿಗೆ ಸೇತುವೆ ಎತ್ತಿರುತ್ತಾರೆ. ರಸ್ತೆಯಲ್ಲಿ ಬಸ್ಸು, ಲಾರಿ, ಕೈಗಾಡಿಗಳೆಲ್ಲ ನಿಂತುಬಿಡುತ್ತವೆ. ಊರಿನ ನಡುವೆಯೇ ಸಮುದ್ರದ ಹಡಗು ಹಾದುಹೋಗುವುದನ್ನು ಜನ ಬೀಡಿ ಸೇದುತ್ತ ನೋಡುತ್ತಾರೆ.

ಹಾಗೆ ನಿಂತವರಲ್ಲಿ ಒಮ್ಮೆ ನಾನೂ, ನನ್ನ ಅಕ್ಕನ ಮಗನೂ ಇದ್ದೆವು. ಹೊನ್ನಾವರದ ಹುಡುಗ. ಖಿದಿರ್‌ಪುರದಿಂದ ಕೆಲವೇ ಕಿಲೋಮೀಟರು ದೂರದ ತಾರಾತಲಾದಲ್ಲಿ ನಾಲ್ಕು ವರ್ಷ ಮರೈನ್ ಎಂಜಿನಿಯರಿಂಗ್ ಓದಿ, ಸರಕು ಹಡಗೊಂದರಲ್ಲಿ ಆರು ತಿಂಗಳ ತರಬೇತಿ ಮುಗಿಸಿ, ಪರೀಕ್ಷೆಗೆಂದು ಕೊಲ್ಕತ್ತಕ್ಕೆ ಮರಳಿದ್ದ. ಎಷ್ಟು ದೇಶ ನೋಡಿದೆಯೋ ಎಂದು ಕೇಳಿದೆ.

"ಏಳು ದೇಶಕ್ಕೆ ಹೋಗಿದ್ದೆ ಮಾವ. ನೋಡಿದ್ದು ಎರಡೇ."

"ಉಳಿದ ಐದು?"

"ಡೆಕ್ಕಿನ ಮೇಲಿಂದ ಕ್ರೇನು ಕಂಡಿತು. ರಾತ್ರಿಯಾದರೆ ದೂರದಲ್ಲಿ ಊರಿನ ದೀಪ."

ಹುಡುಗ ದೂರುವ ಸ್ವಭಾವದವನಲ್ಲ. ಆ ಮಾತನ್ನು ಅವನು ಹವಾಮಾನದ ಸುದ್ದಿ ಹೇಳಿದಷ್ಟು ಸಲೀಸಾಗಿ ಹೇಳಿದ. ನನಗೆ ಮಾತ್ರ ಅದು ಆ ದಿನವಿಡೀ ಕಾಡಿತು. ಹಡಗಿನಲ್ಲಿ ಓದುವುದು, ಹಡಗಿನಲ್ಲಿ ಲೋಕ ಸುತ್ತಿ ಕಲಿಯುವುದು ಎಂದು ನಾವು ಬಹಳ ಹಗುರವಾಗಿ ಹೇಳುತ್ತೇವೆ. ಸಮುದ್ರವೇ ಗುರು, ಬಂದರುಗಳೇ ಪಾಠ ಎಂದು ಭಾವಿಸುತ್ತೇವೆ. ನನಗೆ ಈಗ ಹಾಗನ್ನಿಸುವುದಿಲ್ಲ. ಸಮುದ್ರ ತಾನಾಗಿ ಯಾರಿಗೂ ಪಾಠ ಹೇಳುವುದಿಲ್ಲ. ಹಡಗಿನಲ್ಲಿ ಕಲಿಸುವ ಹೊಣೆ ಹೊತ್ತವರು ಒಬ್ಬರಿರಬೇಕು, ಕಲಿಯುವವನಿಗೆ ಬಿಡುವು ಇರಬೇಕು, ನೆಲಕ್ಕೆ ಇಳಿಯುವ ಹಕ್ಕಿರಬೇಕು, ಕಲಿತದ್ದಕ್ಕೆ ಬೆಲೆ ಕೊಡುವ ಕಾಗದ ಕೈಗೆ ಸಿಗಬೇಕು. ಇವಿಲ್ಲದಿದ್ದರೆ ಒಬ್ಬ ಮನುಷ್ಯ ನಲವತ್ತು ವರ್ಷ ಭೂಮಿಯನ್ನು ಸುತ್ತಿದರೂ ಅವನನ್ನು ಲೋಕ ಕೂಲಿಯವನೆಂದೇ ಎಣಿಸುತ್ತದೆ. ಇದನ್ನು ಸಾಧಿಸಿ ತೋರಿಸಲು ಖಿದಿರ್‌ಪುರಕ್ಕಿಂತ ತಕ್ಕ ಊರು ನಮ್ಮ ದೇಶದಲ್ಲಿ ಇನ್ನೊಂದಿಲ್ಲ.

ಇಲ್ಲಿ ಹಡಗು ಕಟ್ಟುವ ಕೆಲಸ ಹದಿನೆಂಟನೆಯ ಶತಮಾನದ ಕೊನೆಯಲ್ಲೇ ಶುರುವಾಗಿತ್ತು. ಕರ್ನಲ್ ಹೆನ್ರಿ ವಾಟ್ಸನ್ ಡಾಕು ಕಟ್ಟಲು ಹೊರಟ ಜಾಗಕ್ಕೆ ಇಂದಿಗೂ ವಾಟ್‌ಗಂಜ್ ಎಂದೇ ಹೆಸರು. ಆಮೇಲೆ ಕಿಡ್ ಮನೆತನದ ಕಾರ್ಖಾನೆ ಬಂತು. ಭಾರತದ ಮೊದಮೊದಲ ಉಗಿಹಡಗುಗಳಲ್ಲಿ ಒಂದಾದ 'ಡಯಾನಾ' 1823ರ ಜುಲೈನಲ್ಲಿ ಖಿದಿರ್‌ಪುರದಲ್ಲೇ ನೀರಿಗಿಳಿಯಿತು. ಮರುವರ್ಷವೇ ಬರ್ಮಾ ಯುದ್ಧಕ್ಕೂ ಹೋಯಿತು. ಈಗಿನ ಡಾಕು 1892ರದ್ದು. ಅದೇ ನದೀದಂಡೆಯಲ್ಲಿ, ಗಾರ್ಡನ್ ರೀಚಿನತ್ತ, ಸುರಿನಾಮ್ ಘಾಟ್ ಇದೆ. 1873ರ ಫೆಬ್ರವರಿಯಲ್ಲಿ ಕಲ್ಕತ್ತೆಯಿಂದ ಹೊರಟು ಜೂನ್ 5ಕ್ಕೆ ಸುರಿನಾಮ್ ಮುಟ್ಟಿದ 'ಲಲ್ಲಾ ರೂಖ್' ಹಡಗಿನ ಕರಾರು ಕೂಲಿಗಳನ್ನೂ, ಅವರ ಹಿಂದೆ ಹೋದ ಸಾವಿರಾರು ಜನರನ್ನೂ ಆ ಹೆಸರು ನೆನಪಿಸುತ್ತದೆ. ಹೆಬ್ಬೆಟ್ಟು ಒತ್ತಿ ಹಡಗು ಹತ್ತಿದವರು ಅವರು.

ಇದೇ ನದಿಯಿಂದ ಓದುವುದಕ್ಕೂ ಜನ ಹೊರಟರು. 1845ರ ಮಾರ್ಚ್ 8ರಂದು ಕಲ್ಕತ್ತಾ ಮೆಡಿಕಲ್ ಕಾಲೇಜಿನ ನಾಲ್ವರು ವಿದ್ಯಾರ್ಥಿಗಳು ದ್ವಾರಕಾನಾಥ ಟ್ಯಾಗೋರರ ಜೊತೆ 'ಬೆಂಟಿಂಕ್' ಹಡಗಿನಲ್ಲಿ ಇಂಗ್ಲೆಂಡಿಗೆ ಹೋದರು: ಭೋಲಾನಾಥ ಬೋಸ್, ಗೋಪಾಲಚಂದ್ರ ಸೀಲ್, ದ್ವಾರಕಾನಾಥ ಬೋಸ್, ಸೂರ್ಯಕುಮಾರ ಚಕ್ರವರ್ತಿ. ಇಬ್ಬರ ಖರ್ಚನ್ನು ಟ್ಯಾಗೋರರೇ ಹೊತ್ತರು. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದವರು ಅವರ ಪ್ರಾಧ್ಯಾಪಕ ಡಾಕ್ಟರ್ ಗುಡೀವ್. ಸಮುದ್ರ ದಾಟಿದವನಿಗೆ ಜಾತಿಯಿಲ್ಲ ಎನ್ನುತ್ತಿದ್ದ ಕಾಲ. ಆದರೂ ಹೋದರು, ಸೂರ್ಯಕುಮಾರರು ಹತ್ತು ವರ್ಷದ ಮೇಲೆ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದ ಮೊದಲ ಭಾರತೀಯರೆನಿಸಿದರು. ಖಿದಿರ್‌ಪುರದಲ್ಲೇ ಬೆಳೆದ ಮೈಕೇಲ್ ಮಧುಸೂದನ ದತ್ತರು 1862ರ ಜೂನ್‌ನಲ್ಲಿ ಕಾನೂನು ಓದಲು 'ಕ್ಯಾಂಡಿಯಾ' ಹತ್ತಿದರು. ಆಗಲೇ ಅವರು ಬಂಗಾಳದ ದೊಡ್ಡ ಕವಿ, ವಯಸ್ಸು ನಲವತ್ತರ ಹತ್ತಿರ.

ನಮ್ಮ ವಿ.ಕೃ. ಗೋಕಾಕರು ಹೊರಟದ್ದು ಪಶ್ಚಿಮದ ಕಡಲಿನಲ್ಲಿ. 1936ರಲ್ಲಿ ಆಕ್ಸ್‌ಫರ್ಡಿಗೆ ಹೋದ ಅವರಿಗೆ ಆ ಕಡಲ ಪಯಣವೇ 'ಸಮುದ್ರ ಗೀತೆಗಳು' ಎಂಬ ಸಂಕಲನವಾಯಿತು. ಕನ್ನಡಕ್ಕೆ ಸಮುದ್ರ ಒಂದು ಕಾವ್ಯವಸ್ತುವಾಗಿ ಅಷ್ಟು ಗಾಢವಾಗಿ ಬಂದದ್ದಕ್ಕೆ ಒಬ್ಬ ವಿದ್ಯಾರ್ಥಿ ಹಡಗಿನಲ್ಲಿ ಕಳೆದ ದಿನಗಳು ಕಾರಣ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಆಕ್ಸ್‌ಫರ್ಡು ಅವರಿಗೆ ಪದವಿ ಕೊಟ್ಟಿತು, ಹಡಗು ಒಂದು ಛಂದಸ್ಸನ್ನೇ ಕೊಟ್ಟಿತು. ಹಡಗಿನಲ್ಲಿ ಕಲಿಯಲು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ಆ ಹಡಗುಗಳಲ್ಲಿ ಕೆಳಗೆ ಇದ್ದವರು ಯಾರು? ಕುಲುಮೆಗೆ ಕಲ್ಲಿದ್ದಲು ಎತ್ತಿ ಹಾಕುತ್ತಿದ್ದವರು, ಹಗ್ಗ ಎಳೆಯುತ್ತಿದ್ದವರು, ಡೆಕ್ಕು ತಿಕ್ಕುತ್ತಿದ್ದವರು? ಖಿದಿರ್‌ಪುರದ ಬಾಡಿಗೆಕೋಣೆಗಳಿಂದ ಹೊರಟ ಲಸ್ಕರರು ಅವರು. ಸಿಲ್ಹೆಟ್, ನೊವಾಖಾಲಿ, ಚಿತ್ತಗಾಂಗಿನ ರೈತರ ಮಕ್ಕಳು. ಕೆಲಸ ಕೊಡಿಸಲು ನಾವಿಕರ ಮೇಸ್ತ್ರಿಯಾದ ಸಾರಂಗನಿಗೆ ಲಂಚ, ಕೆಲಸ ಸಿಗುವ ತನಕ ಊಟ ಹಾಕುವ ಬಾಡಿಗೆಮನೆಯವನ ಹತ್ತಿರ ಸಾಲ. ಹಡಗು ಹತ್ತುವ ಮೊದಲೇ ಮುಂದಿನ ತಿಂಗಳುಗಳ ಸಂಬಳ ಕರಗಿರುತ್ತಿತ್ತು. 1914ರ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳ ನಾವಿಕರಲ್ಲಿ ಲಸ್ಕರರು ಐವತ್ತೊಂದು ಸಾವಿರಕ್ಕೂ ಹೆಚ್ಚು, ಅಂದರೆ ಸುಮಾರು ಆರರಲ್ಲಿ ಒಬ್ಬ. 'ಡಯಾನಾ' ನೀರಿಗಿಳಿದ ಅದೇ 1823ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮಾಡಿದ ಕಾಯ್ದೆ ಲಸ್ಕರರನ್ನು ಬ್ರಿಟಿಷ್ ನಾವಿಕರೆಂದು ಪರಿಗಣಿಸಕೂಡದು ಎಂದಿತು. ಅವರ ದುಡಿಮೆ ಹಡಗಿಗೆ ಬೇಕಿತ್ತು. ಆ ದುಡಿಮೆಯಿಂದ ಬರುವ ಅಂತಸ್ತು ಮಾತ್ರ ಅವರಿಗೆ ಸಲ್ಲಲಿಲ್ಲ.

ಈ ಜನ ಏನೂ ಕಲಿಯಲಿಲ್ಲವೆ? ಬೇಕಾದಷ್ಟು ಕಲಿತರು. ಹಿಂದುಸ್ತಾನಿ, ಪೋರ್ಚುಗೀಸ್, ಬಂಗಾಳಿ, ಅರಬ್ಬಿ, ಮಲಯ ಮಾತುಗಳು ಬೆರೆತು ಹಡಗಿನ ಮೇಲೆ ಒಂದು ಹೊಸ ಭಾಷೆಯೇ ಹುಟ್ಟಿತು. ಸಾರಂಗ, ಟಿಂಡಾಲ್, ಕಸಬ್, ಭಂಡಾರಿ ಎಂಬ ಹುದ್ದೆಗಳು ಆ ಭಾಷೆಯವು. ಟಿಂಡಾಲ್ ಎಂಬವನನ್ನು ನಾವು ಬಲ್ಲೆವು: ಕಾರವಾರದಿಂದ ಮಂಗಳೂರಿನ ತನಕ ಮೀನುಗಾರಿಕೆ ದೋಣಿಯ ಮುಖ್ಯಸ್ಥನನ್ನು ಇಂದಿಗೂ ತಾಂಡೇಲ ಎಂದೇ ಕರೆಯುತ್ತೇವೆ. ಹೂಗ್ಲಿಯ ಘಾಟಿಗೂ ನಮ್ಮ ಅಳಿವೆಗೂ ಇರುವ ನಂಟು ಈ ಒಂದು ಪದದಲ್ಲಿದೆ. 1811ರಲ್ಲಿ ತಾಮಸ್ ರೋಬಕ್ ಎಂಬ ಸೈನ್ಯಾಧಿಕಾರಿ ಈ ಮಾತುಗಳನ್ನು ಒಟ್ಟುಮಾಡಿ ಕಲ್ಕತ್ತೆಯಲ್ಲಿ ನೌಕಾಕೋಶವೊಂದನ್ನು ಅಚ್ಚು ಹಾಕಿಸಿದ. ಒಳ್ಳೆಯ ಪುಸ್ತಕ. ಆದರೆ ಅದು ಆಜ್ಞೆ ಕೊಡುವವರಿಗಾಗಿ ಮಾಡಿದ ಪುಸ್ತಕ. ಆಜ್ಞೆ ಕೇಳುವವನು ಅದನ್ನು ಓದಿ ಮೇಲೇರಲಿ ಎಂಬ ಉದ್ದೇಶ ಅದಕ್ಕೆ ಇರಲಿಲ್ಲ. ಲಸ್ಕರ ಬಹಳವಾದರೆ ಸಾರಂಗನಾಗಬಹುದಿತ್ತು. ಗಾಳಿ, ನೀರು, ಇಂಜಿನ್ನು ಎಲ್ಲವನ್ನೂ ಅಧಿಕಾರಿಗಿಂತ ಚೆನ್ನಾಗಿ ಬಲ್ಲ ಸಾರಂಗನೂ ಇಪ್ಪತ್ತು ವರ್ಷದ ಬಿಳಿಯ ಹುಡುಗನಿಗೆ ಸಲಾಮು ಹೊಡೆಯಬೇಕಿತ್ತು.

ಖಿದಿರ್‌ಪುರಕ್ಕೆ ಹತ್ತಿರ, ಹೇಸ್ಟಿಂಗ್ಸಿನ ನೇಪಿಯರ್ ರಸ್ತೆಯಲ್ಲಿ ಒಂದು ಸ್ಮಾರಕವಿದೆ. ಮೊದಲ ಮಹಾಯುದ್ಧದಲ್ಲಿ ಮಡಿದ ಬಂಗಾಳ ಮತ್ತು ಅಸ್ಸಾಮಿನ 896 ಲಸ್ಕರರ ನೆನಪಿಗಾಗಿ ಹಡಗು ಕಂಪನಿಗಳೂ ವರ್ತಕರೂ ಸೇರಿ ಕಟ್ಟಿಸಿದ್ದು. 1924ರ ಫೆಬ್ರವರಿ 6ರಂದು ಗವರ್ನರ್ ಲಾರ್ಡ್ ಲಿಟ್ಟನ್ ಅನಾವರಣ ಮಾಡಿದರು. ಹುಡುಗನನ್ನು ನಾನು ಅಲ್ಲಿಗೂ ಕರೆದುಕೊಂಡು ಹೋದೆ. ನಾಲ್ಕು ವರ್ಷ ಅದೇ ಊರಿನಲ್ಲಿ ಹಡಗಿನ ವಿದ್ಯೆ ಕಲಿತವನಿಗೆ ಅದು ಏನೆಂದು ಗೊತ್ತಿರಲಿಲ್ಲ. ತಪ್ಪು ಅವನದ್ದಲ್ಲ, ಯಾರೂ ಹೇಳಿರಲಿಲ್ಲ. ತನ್ನ ವೃತ್ತಿಯ ಪೂರ್ವಿಕರು ಯಾರೆಂದು ತಿಳಿಯದ ವಿದ್ಯಾರ್ಥಿಗೆ ತನ್ನ ಹಕ್ಕು ಯಾವುದೆಂದೂ ತಿಳಿಯುವುದು ಕಷ್ಟ.

ಈ ಪೂರ್ವಿಕರ ಪರವಾಗಿ ನಿಂತವರಲ್ಲಿ ಒಬ್ಬ ಕನ್ನಡಿಗರಿದ್ದಾರೆ. ನಾವು ಅವರನ್ನು ಬೇರೆ ಕಾರಣಕ್ಕೆ ನೆನೆಯುತ್ತೇವೆ. ಅಂಕೋಲೆಯ ಅಲಗೇರಿಯ ದಿನಕರ ದೇಸಾಯಿಯವರು ಕನ್ನಡಕ್ಕೆ ಚುಟುಕಗಳ ಕವಿ. ಆದರೆ ಸರ್ವಂಟ್ಸ್ ಆಫ್ ಇಂಡಿಯಾ ಸೊಸೈಟಿ ಸೇರಿ, ಮುಂಬಯಿಯಲ್ಲಿ ವರ್ಷಗಟ್ಟಲೆ ಹಡಗಿನ ಕಾರ್ಮಿಕರ ಸಂಘ ಕಟ್ಟಿದವರೂ ಅವರೇ. 1940ರಲ್ಲಿ ಭಾರತದ ನಾವಿಕರ ದುಡಿಮೆಯ ಬಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದ 'ಮಾರಿಟೈಮ್ ಲೇಬರ್ ಇನ್ ಇಂಡಿಯಾ' ಎಂಬ ಗ್ರಂಥವನ್ನು ಇಂದಿಗೂ ಇತಿಹಾಸಕಾರರು ತೆರೆದು ನೋಡುತ್ತಾರೆ. ಖಿದಿರ್‌ಪುರದ ಕಡೆ ಆ ಕೆಲಸವನ್ನು ಸಿಲ್ಹೆಟಿನ ಅಫ್ತಾಬ್ ಅಲಿ ಮಾಡಿದರು. ದೇಸಾಯಿಯವರು ಮುಂದೆ ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿ ಉತ್ತರ ಕನ್ನಡದ ತುಂಬ ಶಾಲೆಗಳನ್ನು ತೆರೆದರು. ನಾವಿಕರ ಸಂಘ ಬೇರೆ, ಶಾಲೆ ಬೇರೆ ಎಂದು ನಾವು ಭಾವಿಸುವುದುಂಟು. ನನ್ನ ಮಟ್ಟಿಗೆ ಅವೆರಡೂ ಒಂದೇ ಕೆಲಸ. ದುಡಿಯುವವನನ್ನು ಕಲಿಯಬಲ್ಲವನೆಂದು ನಂಬಿದವರು ಮಾತ್ರ ಎರಡನ್ನೂ ಮಾಡಬಲ್ಲರು.

ಭಾರತೀಯ ಹುಡುಗರಿಗೆ ಅಧಿಕಾರಿಗಳ ವಿದ್ಯೆ ಕಲಿಸಲು ನಮ್ಮ ದೇಶದಲ್ಲಿ ಹಡಗೊಂದು ಶಾಲೆಯಾದದ್ದು 1927ರಲ್ಲಿ. 1923ರಲ್ಲಿ ನೇಮಕವಾದ ಇಂಡಿಯನ್ ಮರ್ಕಂಟೈಲ್ ಮರೀನ್ ಸಮಿತಿ ತರಬೇತಿ ಹಡಗು ಬೇಕೆಂದಿತು. ಸೈನಿಕರನ್ನು ಸಾಗಿಸುತ್ತಿದ್ದ ಹಳೆಯ 'ಡಫರಿನ್' ಮುಂಬಯಿಯ ಮಝಗಾಂವ್ ಬಳಿ ಲಂಗರು ಹಾಕಿ ಶಾಲೆಯಾಯಿತು. ಅದರ ಮೊದಲ ತಂಡದ ಕೆಡೆಟ್ ರಾಮದಾಸ ಕಟಾರಿ ತಮ್ಮ ವೃತ್ತಿಯ ಆರಂಭದ ವರ್ಷಗಳನ್ನು ಹೂಗ್ಲಿ ನದಿಯ ಸರ್ವೆಯಲ್ಲಿ ಕಳೆದು, 1958ರಲ್ಲಿ ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಒಂದು ತಲೆಮಾರಿನ ಹಿಂದೆ ಆ ನದಿಯಲ್ಲಿ ಭಾರತೀಯನಿಗೆ ಸಾರಂಗನ ಹುದ್ದೆಯೇ ಕೊನೆಯ ಮೆಟ್ಟಿಲಾಗಿತ್ತು. ನಡುವೆ ಬದಲಾದದ್ದೇನು? ಸಮುದ್ರ ಅದೇ, ಹುಡುಗರು ಅದೇ ನೆಲದವರು. ಬದಲಾದದ್ದು ಇಷ್ಟೆ: ಲಂಗರು ಹಾಕಿದ ಹಡಗಿನಲ್ಲಿ ಪಾಠ ಹೇಳುವುದೇ ಕೆಲಸವಾಗಿದ್ದ ಮೇಷ್ಟರಿದ್ದರು, ವೇಳಾಪಟ್ಟಿಯಿತ್ತು, ಕೊನೆಗೆ ಸಿಗುವ ಪ್ರಮಾಣಪತ್ರಕ್ಕೆ ಬೆಲೆಯಿತ್ತು.

ಸ್ವಾತಂತ್ರ್ಯದ ಬಳಿಕ 1949ರಲ್ಲಿ ಮರೈನ್ ಎಂಜಿನಿಯರಿಂಗ್ ತರಬೇತಿ ಕಲ್ಕತ್ತೆಗೆ ಬಂತು. ಹಳಬರು ಇಂದಿಗೂ ಡಿಎಂಇಟಿ ಎನ್ನುವ ತಾರಾತಲಾದ ಆ ಸಂಸ್ಥೆ ಈಗ 2008ರಲ್ಲಿ ಹುಟ್ಟಿದ ಇಂಡಿಯನ್ ಮಾರಿಟೈಮ್ ಯೂನಿವರ್ಸಿಟಿಯ ಭಾಗ. 1999ರಲ್ಲಿ ದೇಶದ ಮೊದಲ ಮಹಿಳಾ ಮರೈನ್ ಎಂಜಿನಿಯರ್ ಸೋನಾಲಿ ಬ್ಯಾನರ್ಜಿ ಹೊರಬಂದದ್ದು ಇಲ್ಲಿಂದಲೇ. ಒಂದೂವರೆ ಸಾವಿರ ಹುಡುಗರ ನಡುವೆ ಒಬ್ಬಳೇ ಹುಡುಗಿ; ಎಲ್ಲಿ ಇರಿಸುವುದೆಂದು ತಿಳಿಯದೆ ಅಧಿಕಾರಿಗಳ ವಸತಿಯಲ್ಲಿ ಕೋಣೆ ಕೊಟ್ಟರು. ಆಮೇಲೆ ಆರು ತಿಂಗಳ ತರಬೇತಿಗೆ ಸಿಂಗಪುರ, ಶ್ರೀಲಂಕಾ, ಥಾಯ್ಲೆಂಡ್, ಹಾಂಗ್‌ಕಾಂಗ್, ಫಿಜಿ, ಆಸ್ಟ್ರೇಲಿಯಾ ತಿರುಗಿದರು. ಹಡಗಿನಲ್ಲಿ ವಿದೇಶದ ಓದು ಎಂಬ ಮಾತಿಗೆ ನಮ್ಮಲ್ಲಿ ನಿಜವಾದ ಉದಾಹರಣೆ ಬೇಕೆಂದರೆ ಇದು.

ಅಮೆರಿಕದಲ್ಲಿ ಇದರ ಇನ್ನೊಂದು ರೂಪವಿದೆ. 1926ರಲ್ಲೇ ಸುಮಾರು ಐನೂರು ವಿದ್ಯಾರ್ಥಿಗಳನ್ನು 'ರಿಂಡಾಮ್' ಎಂಬ ಹಡಗಿನಲ್ಲಿ ಲೋಕ ಸುತ್ತಿಸಿದ್ದರು. 1963ರಲ್ಲಿ ಶುರುವಾದ ತೇಲುವ ವಿಶ್ವವಿದ್ಯಾಲಯ ಈಗ 'ಸೆಮಿಸ್ಟರ್ ಅಟ್ ಸೀ' ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಮೂರು ತಿಂಗಳ ಮೇಲೆ ಕೆಲವು ದಿನ, ಸುಮಾರು ಹತ್ತು ದೇಶ, ಹಡಗಿನೊಳಗೆ ತರಗತಿ, ಗ್ರಂಥಾಲಯ, ಪ್ರಾಧ್ಯಾಪಕರು. ಅದು ನಮ್ಮ ಕೊಚ್ಚಿ, ಚೆನ್ನೈಗಳಿಗೂ ಬಂದದ್ದುಂಟು. ಶುಲ್ಕ ನಮ್ಮ ಲೆಕ್ಕದಲ್ಲಿ ಹತ್ತಾರು ಲಕ್ಷ. ಉಳ್ಳವರ ವಿಹಾರ ಎಂದು ಅದನ್ನು ತಳ್ಳಿಹಾಕುವವರಿದ್ದಾರೆ. ನಾನು ಆ ಪಕ್ಷದವನಲ್ಲ. ಅದನ್ನು ನಡೆಸುವವರು ಒಂದು ಸಂಗತಿಯನ್ನು ಸರಿಯಾಗಿ ಅರಿತಿದ್ದಾರೆ. ಬಂದರಿಗೆ ಹೋಗುವ ಮೊದಲು ಆ ದೇಶದ ಪಾಠ, ಬಂದರಿನಲ್ಲಿ ಕೆಲವು ದಿನ ನೆಲದ ಮೇಲೆ ಓಡಾಟ, ಮರಳಿ ಹಡಗಿಗೆ ಬಂದ ಮೇಲೆ ಕಂಡದ್ದರ ಚರ್ಚೆ. ಪಯಣ ವಿದ್ಯೆಯಾಗುವುದು ಹೀಗೆ. ಅಲ್ಲಿ ಹಣ ತೆತ್ತ ವಿದ್ಯಾರ್ಥಿಗೆ ಸಲ್ಲುವ ಈ ಮರ್ಯಾದೆ, ಮೈಮುರಿದು ದುಡಿಯುವ ನಮ್ಮ ಕೆಡೆಟಿಗೆ ಏಕೆ ಸಲ್ಲಬಾರದು ಎಂಬುದಷ್ಟೇ ನನ್ನ ಪ್ರಶ್ನೆ.

ಕಾನೂನಿನಲ್ಲಿ ಸಲ್ಲಬೇಕು ಎಂದೇ ಇದೆ. ನಾವಿಕರ ತರಬೇತಿಗೆ ಎಸ್‌ಟಿಸಿಡಬ್ಲ್ಯೂ ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ. ಡೆಕ್ಕಿನ ಅಧಿಕಾರಿಯಾಗಲು ಹೊರಟವನು ಮಾನ್ಯತೆ ಪಡೆದ ತರಬೇತಿಯಲ್ಲಿದ್ದು, ತರಬೇತಿ ದಾಖಲೆ ಪುಸ್ತಕ ಇಟ್ಟಿದ್ದರೆ ಹನ್ನೆರಡು ತಿಂಗಳ ಸಮುದ್ರ ಸೇವೆ ಸಾಕು. ಅದಿಲ್ಲದೆ ಬಂದರೆ ಮೂವತ್ತಾರು ತಿಂಗಳು ಬೇಕು. ಈ ಇಪ್ಪತ್ತನಾಲ್ಕು ತಿಂಗಳ ವ್ಯತ್ಯಾಸವನ್ನು ಓದುಗರು ಸ್ವಲ್ಪ ನಿಂತು ಗಮನಿಸಬೇಕು. ಕ್ರಮವಾಗಿ ಕಲಿಸಿದರೆ ಒಂದು ವರ್ಷದಲ್ಲಿ ಆಗುವುದು, ಸುಮ್ಮನೆ ಕೆಲಸ ಮಾಡುತ್ತಾ ಇದ್ದರೆ ಮೂರು ವರ್ಷವಾದೀತು ಎಂದು ಒಪ್ಪಂದವೇ ಒಪ್ಪಿಕೊಂಡಿದೆ. ಅಂದರೆ ಎರಡು ವರ್ಷದ ರಿಯಾಯಿತಿಗೆ ಬೆಲೆಯಾಗಿ ಕಲಿಸುವ ಕೆಲಸ ನಡೆಯಲೇಬೇಕು. ನಡೆಯದಿದ್ದರೆ ಆ ಪುಸ್ತಕ ಸುಳ್ಳು ಪುಸ್ತಕ.

ಇಂಜಿನ್ ರೂಮಿನ ಕೆಡೆಟಿಗೂ ಇಂಥದೇ ಪುಸ್ತಕವುಂಟು. ನನ್ನ ಅಕ್ಕನ ಮಗನ ಪುಸ್ತಕದ ಕಥೆ ಹೇಳುತ್ತೇನೆ. ಕೆಡೆಟ್‌ಗಳು ಟಾರ್ ಬುಕ್ ಎನ್ನುವ ಆ ದಪ್ಪ ಪುಸ್ತಕದಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿ, ಒಂದೊಂದರ ಎದುರು ಅಧಿಕಾರಿಯ ರುಜು. ಇಂಧನ ತೈಲವನ್ನು ಶುದ್ಧ ಮಾಡುವ ಪ್ಯೂರಿಫೈಯರ್ ಯಂತ್ರವನ್ನು ಬಿಚ್ಚಿ ತೊಳೆಯುವ ಕೆಲಸ ಇವನ ಪಾಲಿಗೆ ಬಂದಿತ್ತು. ಆರು ತಿಂಗಳಲ್ಲಿ ಎಷ್ಟು ಸಲ ತೊಳೆದನೋ ಲೆಕ್ಕವಿಲ್ಲ. ಮೊಣಕೈವರೆಗೆ ಕಪ್ಪು ಜಿಡ್ಡು, ಇಂಜಿನ್ ರೂಮಿನ ಸೆಕೆ. ಅದರೊಳಗಿನ ಗ್ರಾವಿಟಿ ಡಿಸ್ಕಿನ ಅಳತೆಯನ್ನು ಎಣ್ಣೆಯ ಸಾಂದ್ರತೆ, ಉಷ್ಣತೆ ನೋಡಿ ಆರಿಸಬೇಕು. ತಪ್ಪಿದರೆ ಎಣ್ಣೆಯೇ ನೀರಿನ ಜೊತೆ ಹರಿದುಹೋಗುತ್ತದೆ, ಇಲ್ಲವೆ ನೀರು ಇಂಜಿನ್ನಿಗೆ ಹೋಗುತ್ತದೆ. ಇದನ್ನು ಯಾರೂ ಹಡಗಿನಲ್ಲಿ ಅವನಿಗೆ ಕೂರಿಸಿಕೊಂಡು ಹೇಳಲಿಲ್ಲ. ತಾರಾತಲಾದಲ್ಲಿ ಓದಿದ್ದ ನೆನಪಿನ ಮೇಲೆ ತಾನೇ ಹೊಂದಿಸಿಕೊಂಡ. ಹಡಗು ಇಳಿಯುವ ಕೊನೆಯ ವಾರದಲ್ಲಿ, ಆರು ತಿಂಗಳ ರುಜುಗಳೆಲ್ಲ ಒಂದೇ ಪೆನ್ನಿನಲ್ಲಿ ಒಂದೇ ಸಂಜೆ ಬಿದ್ದವು.

ಆದರೆ ಅದೇ ಹಡಗಿನಲ್ಲಿ, ನಡುವೆ ಎರಡು ತಿಂಗಳು, ಬೇರೊಬ್ಬ ಸೆಕೆಂಡ್ ಎಂಜಿನಿಯರ್ ಇದ್ದರಂತೆ. ಊಟದ ನಂತರ ಅರ್ಧ ಗಂಟೆ ಹುಡುಗನ ಕೈಯಲ್ಲಿ ಟಾರ್ಚು ಕೊಟ್ಟು, ಒಂದು ಪೈಪು ತೋರಿಸಿ, ಇದು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟುತ್ತದೆ ನೋಡಿಕೊಂಡು ಬಂದು ಚಿತ್ರ ಬರೆದು ತೋರಿಸು ಎನ್ನುತ್ತಿದ್ದರು. ತಪ್ಪಿದರೆ ಮರುದಿನ ಮತ್ತೆ ಅದೇ ಪೈಪು. "ನಾನು ಎಂಜಿನಿಯರ್ ಆದದ್ದು ಆ ಎರಡು ತಿಂಗಳಲ್ಲಿ ಮಾವ" ಎಂದ ಹುಡುಗ. ದಿನಕ್ಕೆ ಅರ್ಧ ಗಂಟೆ, ಒಂದು ಟಾರ್ಚು, ಮನಸ್ಸುಳ್ಳ ಒಬ್ಬ ಹಿರಿಯ. ಕಲಿಸುವುದಕ್ಕೆ ಬೇಕಾದದ್ದು ಎಷ್ಟು ಕಡಿಮೆ ಎಂದು ನನಗೆ ಆಶ್ಚರ್ಯವೂ ಸಂಕಟವೂ ಆಯಿತು. ಅಷ್ಟು ಕಡಿಮೆಯನ್ನೂ ನಾವು ಒಬ್ಬರ ಒಳ್ಳೆಯತನಕ್ಕೆ ಬಿಟ್ಟಿದ್ದೇವೆ.

ಹಡಗಿನವರು ಇದಕ್ಕೆ ಕೊಡುವ ಉತ್ತರ ನನಗೆ ಗೊತ್ತಿದೆ, ಅದರಲ್ಲಿ ಹುರುಳೂ ಇದೆ. ಇಂದಿನ ದೊಡ್ಡ ಹಡಗಿನಲ್ಲಿ ಸಿಬ್ಬಂದಿ ಇಪ್ಪತ್ತು ಇಪ್ಪತ್ತೈದು ಜನ. ಬಂದರಿಗೆ ಬಂದರೆ ತಪಾಸಣೆ, ಕಾಗದಪತ್ರ, ಸರಕು. ಹೊರಟರೆ ವಾಚು ಎಂಬ ಪಾಳಿ ಕೆಲಸ, ರಿಪೇರಿ. ನಾವಿಕನಿಗೆ ಇಪ್ಪತ್ನಾಲ್ಕು ಗಂಟೆಯಲ್ಲಿ ಕನಿಷ್ಠ ಹತ್ತು ಗಂಟೆ, ವಾರದಲ್ಲಿ ಎಪ್ಪತ್ತೇಳು ಗಂಟೆ ವಿಶ್ರಾಂತಿ ಕೊಡಬೇಕೆಂಬ ನಿಯಮವನ್ನು ಪಾಲಿಸುವುದೇ ಕಷ್ಟವಾಗಿರುವಾಗ ಪಾಠ ಹೇಳುವುದು ಯಾವಾಗ? ಹಡಗು ಶಾಲೆಯಲ್ಲ, ವ್ಯಾಪಾರ. ಕೆಲಸ ಮಾಡುತ್ತಾ ಮಾಡುತ್ತಾ ಬುದ್ಧಿ ಬರುತ್ತದೆ, ನಾವೂ ಹಾಗೇ ಕಲಿತೆವು ಎನ್ನುತ್ತಾರೆ.

ಕೆಲಸ ಬುದ್ಧಿ ಕಲಿಸುತ್ತದೆ ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಲಸ್ಕರರಿಗೂ ಕಲಿಸಿತ್ತು. ಅವರ ಬದುಕು ತೋರಿಸುವುದು ಇದನ್ನೇ: ಕೆಲಸದಿಂದ ಬಂದ ಬುದ್ಧಿಗೆ ಯಾರೂ ಹೊಣೆಗಾರರಾಗದಿದ್ದರೆ ಅದರ ಲಾಭ ಹಡಗಿನ ಒಡೆಯನಿಗೆ ಹೋಗುತ್ತದೆ, ಕಲಿತವನು ಇದ್ದಲ್ಲೇ ಇರುತ್ತಾನೆ. ಸಿಬ್ಬಂದಿ ಕಡಿಮೆ ಎಂಬುದು ನಿಜ. ಹಾಗಿದ್ದರೆ ಕೆಡೆಟನ್ನು ಹತ್ತಿಸಿಕೊಳ್ಳುವಾಗ ಅವನು ಕಡಿಮೆ ಸಂಬಳದ ಇನ್ನೊಂದು ಜೊತೆ ಕೈ ಎಂದು ಲೆಕ್ಕ ಹಾಕುವುದನ್ನು ಮೊದಲು ಬಿಡಬೇಕು. ಕೆಡೆಟ್ ಇರುವ ಹಡಗಿನಲ್ಲಿ ಅವನ ತರಬೇತಿಗೆ ಒಬ್ಬ ಅಧಿಕಾರಿಯ ಹೆಸರು ಬರೆದಿಡಬೇಕು, ಅವರ ಬೇರೆ ಕೆಲಸದಲ್ಲಿ ಅಷ್ಟು ಇಳಿಸಬೇಕು, ಆ ಗಂಟೆಗಳು ಹಡಗಿನ ದಿನಚರಿಯಲ್ಲಿ ಕಾಣಬೇಕು. ದಾಖಲೆ ಪುಸ್ತಕ ತಿಂಗಳಿಗೊಮ್ಮೆ ಕಾಲೇಜಿಗೆ ತಲುಪಬೇಕು. ಇಂದು ನಡುಗಡಲಿನಿಂದಲೂ ಮನೆಗೆ ವಿಡಿಯೊ ಕರೆ ಮಾಡುವ ಹಡಗುಗಳಿವೆ. ನಾಲ್ಕು ಪುಟದ ಚಿತ್ರ ಕಳಿಸುವುದು ಹೆಚ್ಚಿನದಲ್ಲ. ನಾಲ್ಕು ವರ್ಷ ಶುಲ್ಕ ಪಡೆದ ಕಾಲೇಜು ಹುಡುಗ ಹಡಗು ಹತ್ತಿದ ದಿನವೇ ಕೈತೊಳೆದುಕೊಳ್ಳಬಾರದು.

ಇನ್ನು ನೆಲಕ್ಕೆ ಇಳಿಯುವ ಮಾತು. ಖಿದಿರ್‌ಪುರದಲ್ಲಿ ಡಾಕಿನ ಗೇಟು ದಾಟಿದರೆ ಊರು. ವಿದೇಶದ ನಾವಿಕರು ನಡೆದೇ ಪೇಟೆಗೆ ಬರುತ್ತಿದ್ದರು; ಪರದೇಶದ ಸಾಮಾನಿಗೆ ಹೆಸರಾದ ಫ್ಯಾನ್ಸಿ ಮಾರ್ಕೆಟ್ ಹುಟ್ಟಿದ್ದು ಆ ನಡಿಗೆಯಿಂದ. ಈಗಿನ ಬಂದರುಗಳು ಊರಿನಿಂದ ದೂರ. ವಾರಗಟ್ಟಲೆ ನಡೆಯುತ್ತಿದ್ದ ಸರಕು ಇಳಿಸುವ ಕೆಲಸವನ್ನು ಕಂಟೇನರ್ ಒಂದೆರಡು ದಿನಕ್ಕೆ ತಂದಿದೆ. 2004ರ ಜುಲೈಯಿಂದ ಬಂದರು ಭದ್ರತೆಯ ಐಎಸ್‌ಪಿಎಸ್ ನಿಯಮಗಳು ಜಾರಿಯಾದ ಮೇಲೆ ಗೇಟು ಇನ್ನಷ್ಟು ಬಿಗಿಯಾಯಿತು. ವೀಸಾ ಇಲ್ಲದವನು ಏಣಿಯ ಬುಡದಲ್ಲೇ ನಿಲ್ಲಬೇಕಾದ ದೇಶಗಳಿವೆ. ಭಾರತ 2015ರಲ್ಲಿ ಅಂಗೀಕರಿಸಿದ ನಾವಿಕರ ದುಡಿಮೆಯ ಅಂತರರಾಷ್ಟ್ರೀಯ ಒಪ್ಪಂದ ನೆಲಕ್ಕಿಳಿಯುವ ರಜೆಯನ್ನು ನಾವಿಕನ ಆರೋಗ್ಯಕ್ಕೆ ಬೇಕಾದದ್ದೆಂದು ಹೇಳುತ್ತದೆ. ಕಲಿಯುವವನಿಗೆ ಅದು ಆರೋಗ್ಯಕ್ಕಿಂತಲೂ ಹೆಚ್ಚು. ಪ್ರತಿ ದೇಶದಲ್ಲಿ ಒಂದು ಹಗಲಾದರೂ ಕೆಡೆಟ್ ಊರು ನೋಡಿ ಬರಲಿ ಎಂದು ಕ್ಯಾಪ್ಟನ್ ವಾಚು ಹೊಂದಿಸಿಕೊಟ್ಟರೆ ಹಡಗಿಗೆ ನಷ್ಟವಿಲ್ಲ. ಏಳು ದೇಶಕ್ಕೆ ಹೋಗಿ ಐದರ ದೀಪ ಮಾತ್ರ ಕಂಡು ಬಂದ ಹುಡುಗನಿಗೆ ಲೋಕಜ್ಞಾನ ಬಂತೆಂದು ಯಾರು ಹೇಳಿಯಾರು?

ಹಡಗು ಹತ್ತುವ ಮೊದಲಿನ ಸಾಲವೂ ಇನ್ನೂ ಹೋಗಿಲ್ಲ. ಅಂದು ಸಾರಂಗನಿಗೆ ಲಂಚ. ಇಂದು ಏಜೆಂಟನಿಗೆ ಲಕ್ಷಗಳು. ಓದು ಮುಗಿಸಿದ ಹುಡುಗರಿಗಿಂತ ತರಬೇತಿಗೆ ಸಿಗುವ ಹಡಗಿನ ಜಾಗ ಕಡಿಮೆ. ಆ ಕೊರತೆಯೇ ದಲ್ಲಾಳಿಯ ಬಂಡವಾಳ. ಕೆಲಸ ಕೊಡಿಸಲು ನಾವಿಕನಿಂದ ಹಣ ಪಡೆಯಕೂಡದೆಂದು ಅಂತರರಾಷ್ಟ್ರೀಯ ಒಪ್ಪಂದವೂ ನಮ್ಮ ದೇಶದ ನಿಯಮವೂ ಒಂದೇ ಸ್ವರದಲ್ಲಿ ಹೇಳುತ್ತವೆ. ಆದರೂ ನಮ್ಮ ಕರಾವಳಿಯಲ್ಲಿ ತೋಟ ಅಡವಿಟ್ಟು ಮಗನನ್ನು ಹಡಗಿಗೆ ಕಳಿಸಿದ ಮನೆಗಳನ್ನು ನಾನು ಬಲ್ಲೆ. ಸಮುದ್ರ ದಾಟಿದರೆ ಜಾತಿ ಹೋಗುತ್ತದೆಂಬ ಭಯವನ್ನು ನಾವು ಕಳೆದುಕೊಂಡೆವು, ಸರಿಯೇ ಆಯಿತು. ಸಮುದ್ರ ದಾಟಲು ಯಾರಿಗೋ ಹಣ ಕೊಡಲೇಬೇಕೆಂಬ ಭಯವನ್ನು ಅದರ ಜಾಗದಲ್ಲಿ ಕೂರಿಸಿಕೊಂಡಿದ್ದೇವೆ.

ಮುನ್ನೂರು ಕಿಲೋಮೀಟರು ಕರಾವಳಿಯಿರುವ, ಪಣಂಬೂರಿನಂಥ ದೊಡ್ಡ ಬಂದರಿರುವ ಕರ್ನಾಟಕದಲ್ಲಿ ಇಂಡಿಯನ್ ಮಾರಿಟೈಮ್ ಯೂನಿವರ್ಸಿಟಿಯ ಸ್ವಂತ ಕ್ಯಾಂಪಸ್ ಇಲ್ಲ. ನಮ್ಮ ಮಕ್ಕಳು ತಾರಾತಲಾಕ್ಕೆ, ಮುಂಬಯಿಗೆ, ಕೊಚ್ಚಿಗೆ, ಚೆನ್ನೈಗೆ ಹೋಗುತ್ತಾರೆ. ಇಲ್ಲವೆ ಖಾಸಗಿ ಕಾಲೇಜು ಸೇರುತ್ತಾರೆ. ಹೋಗಲಿ, ಹೋಗಬೇಕು. ಅಂಕೋಲೆ, ಹೊನ್ನಾವರ, ಕುಂದಾಪುರ, ಮಲ್ಪೆಯ ತಂದೆತಾಯಿಗಳಲ್ಲಿ ನನ್ನದೊಂದೇ ಬೇಡಿಕೆ. ಶುಲ್ಕದ ಮೊದಲ ಕಂತು ಕಟ್ಟುವ ಮುನ್ನ ಕಾಲೇಜನ್ನು ಮೂರು ಮಾತು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ: ಓದು ಮುಗಿದ ಮೇಲೆ ಹಡಗಿನ ತರಬೇತಿಗೆ ಜಾಗ ಕೊಡಿ ಎಂದು ಕಂಪನಿಗಳ ಜೊತೆ ನಿಮ್ಮ ಒಪ್ಪಂದ ಇದೆಯೆ? ಹಡಗಿನಲ್ಲಿ ನನ್ನ ಮಗನಿಗೆ, ಮಗಳಿಗೆ ಕಲಿಸುವ ಅಧಿಕಾರಿಯ ಹೆಸರು ಯಾರು ಹೇಳುತ್ತಾರೆ? ಅವರ ಟಾರ್ ಬುಕ್ಕನ್ನು ದಡದ ಮೇಲೆ ಯಾರು, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ? ಉತ್ತರ ಬರೆದುಕೊಡದ ಕಾಲೇಜಿಗೆ ಹಣ ಕಟ್ಟಬೇಡಿ.